ಬ್ಯಾಟ್ಲಿಯ ಅರ್ಧ ಆನೆ

ಯಾರ್ಕ್‌ಷೈರಿನ ನಮ್ಮ ಬ್ಯಾಟ್ಲಿಯಲ್ಲಿ ಗುಲಾಬಿ ಬೆಳೆಸುವವರಿಗೆ ಬರವಿಲ್ಲ. ತಲೆಗಾತ್ರದ ಈರುಳ್ಳಿ ಬೆಳೆದು ಬಹುಮಾನ ಹೊಡೆಯುವವರೂ ಇದ್ದಾರೆ. ಆದರೆ ಮನೆ ಮುಂದೆ ಆನೆ ನಿಲ್ಲಿಸಿದವನು ಇಡೀ ಊರಿಗೆ ಒಬ್ಬನೇ. ಅವನು ನನ್ನ ಗಂಡ, ಸಿರಿಲ್ ಹ್ಯಾಟರ್ಸ್ಲಿ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಜೋರಾಗುತ್ತದೆ, ಆಗಲಿ ಬಿಡಿ. ಅವನ ಜೊತೆ ಏಗಿದವಳು ನಾನು, ಅಷ್ಟು ಜಂಬ ಪಡುವ ಹಕ್ಕು ನನಗಿದೆ.

ಸಿರಿಲ್ ಬಸ್ ಡಿಪೋದಲ್ಲಿ ಸೀಟುಗಳಿಗೆ ಬಟ್ಟೆ ಹೊಲಿಯುತ್ತಿದ್ದ. ದುಂಡಗಿನದು ಯಾವುದಿದ್ದರೂ ಅವನ ಕೈಗೆ ಒಲಿಯುತ್ತಿತ್ತು. ನೆಟ್ಟಗಿನದು ಮಾತ್ರ ಯಾವತ್ತೂ ಒಲಿಯಲಿಲ್ಲ. ಶನಿವಾರ ಬಂತೆಂದರೆ ಮನೆಯಲ್ಲಿ ಏನಾದರೊಂದು ರಿಪೇರಿ. ಕೆಲಸದವರನ್ನು ಕರೆಸುವುದೆಂದರೆ ಅವನಿಗೆ ಮಾನ ಹೋದಷ್ಟು ಸಂಕಟ. ಮೆಟ್ಟಿಲ ಪಕ್ಕದ ಗೋಡೆಗೆ ಹೂವಿನ ಕಾಗದ ಅಂಟಿಸಿದ, ದೀಪದ ಸ್ವಿಚ್ಚಿನ ಮೇಲೂ ಅಂಟಿಸಿಬಿಟ್ಟ. ಅಡುಗೆಮನೆಯಿಂದ ಊಟದ ಕೋಣೆಗೆ ತಟ್ಟೆ ದಾಟಿಸಲು ಗೋಡೆಯಲ್ಲಿ ಕಿಂಡಿ ಕೊರೆದ, ಅಳತೆ ತಪ್ಪಿ ಅದು ಮೊಣಕಾಲಿನ ಮಟ್ಟಕ್ಕೆ ಬಂತು. ಇವತ್ತಿಗೂ ನಮ್ಮ ಮನೆಯಲ್ಲಿ ಭಾನುವಾರದ ಊಟವನ್ನು ಮಂಡಿಯೂರಿ ಬಡಿಸಬೇಕು.

"ಇದೇನು ನಾಯಿಗೆ ಮಾಡಿದ್ದಾ?" ಅಂತ ನನ್ನ ತಂಗಿ ಕೇಳಿದಳು.

"ಬಗ್ಗೋದು ಸೊಂಟಕ್ಕೆ ಒಳ್ಳೇದು," ಅಂದ ಸಿರಿಲ್. ಅವನ ಬಾಯಿ ಯಾವತ್ತೂ ಸೋತದ್ದಿಲ್ಲ.

ನಮ್ಮದು ಜೋಡಿಮನೆ. ನಡುವೆ ಒಂದೇ ಗೋಡೆ, ಈಚೆ ನಾವು, ಆಚೆ ಮಿಸ್ಟರ್ ಪ್ರಾಕ್ಟರ್. ರಸ್ತೆಯ ಬದಿಗೆ ಎರಡೂ ಮನೆಗೆ ಸೇರಿ ಉದ್ದಕ್ಕೆ ಒಂದೇ ಗಿಡದ ಬೇಲಿ, ಅರ್ಧ ಅವರದು, ಅರ್ಧ ನಮ್ಮದು. ಗಡಿ ಎಲ್ಲಿದೆ ಎಂದು ಯಾರೂ ಗುರುತು ಹಾಕಿಲ್ಲ, ಆದರೂ ಒಂದೆಲೆ ಆಚೀಚೆ ಆಗದ ಹಾಗೆ ಇಬ್ಬರಿಗೂ ಗೊತ್ತು. ಪಕ್ಕದವರ ಕಡೆಯ ಒಂದು ಚಿಗುರಿಗೆ ಕತ್ತರಿ ತಾಗಿಸಿದರೂ ಅವರ ಜೇಬಿಗೆ ಕೈ ಹಾಕಿದ ಹಾಗೆ.

ಒಂದು ವಸಂತದಲ್ಲಿ ಸಿರಿಲ್ ನಮ್ಮ ಗೇಟಿನ ಬಳಿಯಿಂದ ಬೇಲಿಯನ್ನೇ ಆನೆಯ ಆಕಾರಕ್ಕೆ ಕತ್ತರಿಸಲು ಶುರು ಮಾಡಿದ. ಮೊದಲು ಸೊಂಡಿಲು ಬಂತು, ಆಮೇಲೆ ಮೊರದಗಲ ಕಿವಿ, ಆಮೇಲೆ ಮುಂಗಾಲು. ಎಷ್ಟು ಚೆನ್ನಾಗಿ ಬಂತೆಂದರೆ ಹಾಲಿನವನು ಬಾಟಲಿ ಇಡುವುದನ್ನು ಮರೆತು ನಿಂತುಬಿಟ್ಟ. ಆದರೆ ಕಿವಿಯ ಸಂಭ್ರಮದಲ್ಲಿ ಇವನು ಉದ್ದ ನೋಡಿಕೊಂಡಿರಲಿಲ್ಲ. ಹೊಟ್ಟೆಯ ನಡುಮಧ್ಯಕ್ಕೆ ಗಡಿ ಬಂದುಬಿಟ್ಟಿತು.

"ಹಿಂದಿನ ಅರ್ಧ ಎಲ್ಲಿ?" ಅಂದೆ.

"ಆಚೆ ಇದೆ."

"ಆಚೆ ಇರೋದು ಮಿಸ್ಟರ್ ಪ್ರಾಕ್ಟರ್ ಬೇಲಿ."

"ಅದರೊಳಗೇ ಇದೆ ಕಣೇ ಡೋರೀನ್. ಹೊರಗೆ ತೆಗೀಬೇಕು ಅಷ್ಟೇ."

"ಹಾಗಾದ್ರೆ ಹೋಗಿ ಕೇಳು."

"ಏನಂತ ಕೇಳ್ಲಿ? 'ಸ್ವಲ್ಪ ನಿಮ್ಮ ಬೇಲಿ ಕೊಡಿ, ಆನೆಗೆ ಕುಂಡಿ ಮಾಡ್ಬೇಕು' ಅಂತಲಾ? ಅವರಿಗೆ ಇಷ್ಟ ಇದ್ರೆ ಅವರೇ ಹೇಳ್ತಾರೆ."

ಮಿಸ್ಟರ್ ಪ್ರಾಕ್ಟರ್ ಹೇಳಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಂಟಿ ಮನುಷ್ಯ ಅವರು. ಲೆನರ್ಡ್ ಎಂಬ ಹೆಸರಿದ್ದರೂ ಬೀದಿಯಲ್ಲಿ ಯಾರೂ ಹಾಗೆ ಕರೆದವರಲ್ಲ. ಬೇಲಿ ಕತ್ತರಿಸುವಾಗಲೂ ಟೈ ಬಿಚ್ಚುತ್ತಿರಲಿಲ್ಲ. ಹುರಿ ಕಟ್ಟಿ, ರಸಮಟ್ಟ ಇಟ್ಟು, ಇಟ್ಟಿಗೆ ಗೋಡೆಯ ಹಾಗೆ ನೆಟ್ಟಗೆ ಕತ್ತರಿಸುವರು. ಹೀಗಾಗಿ ಗೋಡೆಯಲ್ಲಿ ಸಿಕ್ಕಿಕೊಂಡ ಆನೆ ನಮ್ಮದಾಯಿತು. ಎದುರಿನ ಬಸ್ ಸ್ಟಾಪಿನಲ್ಲಿ ಕಾಯುವವರಿಗೆಲ್ಲ ಅದೇ ಮಾತು.

"ಒಳಗೆ ಹೋಗ್ತಿದೆಯೋ, ಹೊರಗೆ ಬರ್ತಿದೆಯೋ?"

"ಪಾಪ, ತಳ್ಳೋರಿಲ್ಲ."

ಸಿರಿಲ್ ನಕ್ಕಂತೆ ಮಾಡುತ್ತಿದ್ದ, ಆದರೆ ಆ ಮಾತು ಅವನಿಗೆ ನಾಟುತ್ತಿತ್ತು. ಅದಕ್ಕಿಂತ ನಾಟಿದ್ದು ಇನ್ನೊಂದು. ಮಿಸ್ಟರ್ ಪ್ರಾಕ್ಟರ್ ತಮ್ಮ ಬೇಲಿಯನ್ನು ವರ್ಷ ವರ್ಷಕ್ಕೂ ಎತ್ತರ, ದಪ್ಪ ಬಿಡುತ್ತಾ ಹೋದರು. ನೆಟ್ಟಗೇ ಇರುತ್ತಿತ್ತು, ಆದರೆ ಅವರ ಕಿಟಕಿಗೇ ಬೆಳಕು ಬಾರದಷ್ಟು ಬೆಳೆಯಿತು.

"ನೋಡಿದ್ಯಾ? ನಮ್ಮ ಆನೆ ಅವರ ಕಣ್ಣಿಗೆ ಬೀಳಬಾರದು ಅಂತಲೇ ಮರೆ ಮಾಡ್ಕೊಂಡಿದಾರೆ," ಅಂದ.

ಇಷ್ಟಾದರೂ ಗೇಟಿನ ಬಳಿ ಎದುರಾದಾಗ ಇಬ್ಬರ ಸೌಜನ್ಯಕ್ಕೆ ಕೊರತೆಯಿರಲಿಲ್ಲ.

"ಮಳೆ ಬರೋ ಹಾಗಿದೆ ಮಿಸ್ಟರ್ ಹ್ಯಾಟರ್ಸ್ಲಿ."

"ಬಂದ್ರೂ ಬರಬಹುದು ಮಿಸ್ಟರ್ ಪ್ರಾಕ್ಟರ್."

ಮಳೆ ಬಂತು, ಹೋಯಿತು, ಹಿಮ ಬಿತ್ತು, ಕರಗಿತು. ವರ್ಷಗಟ್ಟಲೆ ಆಡಿದ್ದು ಇಷ್ಟೇ ಮಾತು. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎನ್ನುವಂತಿದ್ದರು ಇಬ್ಬರೂ. ಅಷ್ಟರಲ್ಲಿ ಸಿರಿಲ್‌ಗೂ ಡಿಪೋದಿಂದ ನಿವೃತ್ತಿಯಾಯಿತು. ಬೇರೆ ಗಂಡಸರು ಹೊಸ ಕಾರು, ಸ್ಪೇನಿನ ಬಿಸಿಲು ಎಂದು ಕನವರಿಸುವಾಗ ಇವನಿಗೆ ಇದ್ದದ್ದು ಒಂದೇ ಆಸೆ. ತಾನು ಸಾಯುವುದರೊಳಗೆ ಆನೆ ಪೂರ್ತಿಯಾಗಬೇಕು. ನನಗೂ ಅದೇ ಆಸೆ ಅಂಟಿಕೊಂಡಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ.

ಹೀಗಿರುವಾಗ ಒಂದು ಜೂನ್ ತಿಂಗಳಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿದ ಸಿರಿಲ್ ಬಿದ್ದು ಬಲಗೈ ಮುರಿದುಕೊಂಡ. ಪ್ಲಾಸ್ಟರ್ ಹಾಕಿದರು. ಬೇಲಿ ಉಕ್ಕಿ ಬೆಳೆಯುವ ಕಾಲ ಅದು. ನೋಡನೋಡುತ್ತಿದ್ದಂತೆ ಆನೆ ಕರಡಿಯಾಯಿತು, ಆಮೇಲೆ ಉಣ್ಣೆ ಕತ್ತರಿಸದ ಕುರಿಯಾಯಿತು. ಇವನು ಕಿಟಕಿಯ ಬಳಿ ಕೂತು, ಟೀ ಆರಿಹೋದರೂ ಕುಡಿಯದೆ ಅದನ್ನೇ ನೋಡುವನು. ನಾನು ಕತ್ತರಿ ಹಿಡಿದು ಹೊರಟರೆ, "ಬೇಡ ಮಾರಾಯ್ತಿ, ನೀನು ಅದನ್ನ ಟೀಪಾಟ್ ಮಾಡ್ತೀಯ," ಎಂದು ತಡೆದ.

ಒಂದು ದಿನ ಆಸ್ಪತ್ರೆಯಲ್ಲಿ ಕೈ ತೋರಿಸಿಕೊಂಡು ಬಂದು ಬಸ್ಸಿಳಿದೆವು. ಎದುರಿಗೆ ಆನೆ ಚೊಕ್ಕವಾಗಿ ನಿಂತಿತ್ತು, ಕಿವಿ, ಬೆನ್ನು, ಕಾಲು ಎಲ್ಲ ಸರಿಯಾಗಿತ್ತು. ಸೊಂಡಿಲು ಮಾತ್ರ ಇರಲಿಲ್ಲ. ಸೊಂಡಿಲು ಮಿಸ್ಟರ್ ಪ್ರಾಕ್ಟರ್ ಅವರ ತೋಳಿನಲ್ಲಿತ್ತು. ಕೂಸನ್ನು ಎತ್ತಿಕೊಂಡವರ ಹಾಗೆ ಅದನ್ನು ಹಿಡಿದು ನಮ್ಮ ಗೇಟಿನ ಬಳಿ ನಿಂತಿದ್ದರು, ಮುಖದಲ್ಲಿ ರಕ್ತವಿರಲಿಲ್ಲ.

"ಸಾರಿ ಮಿಸ್ಟರ್ ಹ್ಯಾಟರ್ಸ್ಲಿ. ನೀವು ಬರೋದ್ರೊಳಗೆ ಸ್ವಲ್ಪ ಸರಿ ಮಾಡಿಡೋಣ ಅಂತ... ಇದು ಅಡ್ಡಾದಿಡ್ಡಿ ಬೆಳೆದ ಕೊಂಬೆ ಅಂದ್ಕೊಂಡೆ."

"ಛೆ ಛೆ, ಸಾರಿ ನಾನು ಹೇಳ್ಬೇಕು," ಅಂದ ಸಿರಿಲ್. "ಅದನ್ನ ಅಷ್ಟು ಬೆಳೆಯೋಕೆ ಬಿಟ್ಟಿದ್ದು ನನ್ನ ತಪ್ಪು."

"ಇಲ್ಲ ಇಲ್ಲ, ಸಾರಿ, ತಪ್ಪೆಲ್ಲ ನಂದೇ."

ಕೈ ಮುರಿದವನು ಒಬ್ಬ, ಸೊಂಡಿಲು ಮುರಿದವನು ಒಬ್ಬ, ಇಬ್ಬರೂ ಕ್ಷಮೆಯ ಹರಾಜು ಹಾಕುತ್ತಿದ್ದಾರೆ! ನನ್ನ ತಾಳ್ಮೆಯ ಕಟ್ಟೆ ಒಡೆಯಿತು.

"ಸಾಕು ನಿಲ್ಸಿ ಇಬ್ರೂ! ಮಿಸ್ಟರ್ ಪ್ರಾಕ್ಟರ್, ಸೊಂಡಿಲು ಬೇಕಾದ್ರೆ ಮತ್ತೆ ಬೆಳೆಯುತ್ತೆ. ಇವನಿಗೆ ಬೇಕಾಗಿರೋದು ನಿಮ್ಮ ಬೇಲಿ. ಅದರಲ್ಲಿ ಆನೆಯ ಹಿಂಭಾಗ ಇದೆಯಂತೆ. ಇಷ್ಟು ವರ್ಷದಿಂದ ಕೇಳೋಕೆ ಸಂಕೋಚ ಪಟ್ಕೊಂಡು ಸಾಯ್ತಿದಾನೆ. ಕೊಡ್ತೀರೋ ಇಲ್ವೋ ಒಂದು ಮಾತಲ್ಲಿ ಹೇಳಿ!"

ಸಿರಿಲ್ ನೆಲ ನೋಡಿದ. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಮಿಸ್ಟರ್ ಪ್ರಾಕ್ಟರ್ ಸೊಂಡಿಲನ್ನು ಮೆಲ್ಲಗೆ ಹುಲ್ಲಿನ ಮೇಲೆ ಇಟ್ಟರು.

"ಮಿಸೆಸ್ ಹ್ಯಾಟರ್ಸ್ಲಿ," ಅಂದರು, "ನಾನು ಬೇಲಿ ಎತ್ತರ ಬಿಟ್ಟಿದ್ದು ಮತ್ಯಾಕೆ ಅಂದ್ಕೊಂಡ್ರಿ? ಆನೆ ಬೆನ್ನಿಗೆ ಎಲೆ ಸಾಲದೆ ಹೋದೀತು ಅಂತ. ಇವರು ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ ಕಾದೆ. ಕೇಳ್ಲೇ ಇಲ್ಲ. ನನ್ನ ಬೇಲಿ ಅವರ ಆನೆಗೆ ಯೋಗ್ಯ ಅಲ್ವೇನೋ ಅಂದ್ಕೊಂಡೆ."

ಸಿರಿಲ್ ಬಗ್ಗಿ ಎಡಗೈಯಿಂದ ಸೊಂಡಿಲನ್ನು ಎತ್ತಿಕೊಂಡ. ನಾನು ಕೆಟಲ್ ಇಡುವ ನೆಪದಲ್ಲಿ ಒಳಗೆ ಹೋಗಿ ಏಪ್ರನ್ನಿಗೆ ಕಣ್ಣೊರೆಸಿಕೊಂಡೆ.

ಆನೆ ಪೂರ್ತಿಯಾಗುವ ದಿನ ಬಂದಾಗ ಅದನ್ನು ಕತ್ತರಿಸುವ ಕೈ ಪ್ಲಾಸ್ಟರಿನಲ್ಲಿತ್ತು. ಕೈ ವಾಸಿಯಾಗುವವರೆಗೆ ಕಾಯೋಣ ಎಂದೆ. ಸಿರಿಲ್ ಬೇಲಿಯನ್ನು ನೋಡಿದ, ಕತ್ತರಿ ಹಿಡಿದು ನಿಂತ ಮಿಸ್ಟರ್ ಪ್ರಾಕ್ಟರ್ ಅವರನ್ನು ನೋಡಿದ. ಇಷ್ಟು ವರ್ಷ ಕನಸು ಕಂಡದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು ಸುಲಭದ ಮಾತಲ್ಲ. ಆದರೂ, "ಕಾಯೋದು ಸಾಕು. ನಾನು ಹೇಳ್ತೀನಿ, ಅವರು ಕತ್ತರಿಸ್ಲಿ," ಅಂದ.

ಮಿಸ್ಟರ್ ಪ್ರಾಕ್ಟರ್ ಅಭ್ಯಾಸಬಲದಿಂದ ಹುರಿ ಕಟ್ಟಲು ಹೋದರು.

"ಹುರಿ ಬಿಸಾಕಿ! ದುಂಡಗೆ, ಇನ್ನೂ ದುಂಡಗೆ. ಇದು ಬ್ಯಾಂಕಲ್ಲ, ಕುಂಡಿ!"

"ಇಷ್ಟು ಸಾಕಾ?"

"ಸಂಕೋಚ ಬೇಡ. ಆನೆ ಅದು, ಧಾರಾಳವಾಗಿರ್ಲಿ."

ಆ ಮನುಷ್ಯ ಟೈ ಬಿಚ್ಚಿ ಜೇಬಿಗೆ ತುರುಕಿದರು. ಇಡೀ ಶನಿವಾರ ಇಬ್ಬರೂ ಜಗಳವಾಡಿದರು, ನಕ್ಕರು, ನಾನು ಕೊಟ್ಟ ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಅಲ್ಲೇ ನಿಂತು ತಿಂದರು. ಹಿಂಗಾಲು ಒಂದು ಕೊಂಚ ದಪ್ಪಗಾಯಿತು, ಬಾಲ ಸಕತ್ತಾಗಿ ಬಂತು.

ಸಂಜೆ ಸಿರಿಲ್ ರಸ್ತೆ ದಾಟಿ ಬಸ್ ಸ್ಟಾಪಿಗೆ ಹೋಗಿ ನಿಂತು ನೋಡಿದ. ಪಕ್ಕದಲ್ಲಿ ನಾನಿದ್ದೆ. ಸೊಂಡಿಲಿಲ್ಲದಿದ್ದರೂ ತಲೆಯಿಂದ ಬಾಲದವರೆಗೆ ಒಂದೇ ಆನೆ, ಎರಡು ಮನೆಯ ಮುಂದೆ. ಸಂತೆಚೀಲ ಹಿಡಿದ ಒಬ್ಬ ಹೆಂಗಸು, "ಭಲೇ, ಯಾರು ಮಾಡಿದ್ದು ಇದನ್ನ?" ಅಂದಳು.

ನಮ್ಮ ಯಾರ್ಕ್‌ಷೈರಿನಲ್ಲಿ ಮನುಷ್ಯರ ಹೆಸರಿನ ಮುಂದೆ 'ನಮ್ಮ' ಎಂದು ಸೇರಿಸುವುದು ಒಡಹುಟ್ಟಿದವರಿಗೆ, ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮಾತ್ರ. ಸಿರಿಲ್ ಅದರಲ್ಲಿ ಬಲು ಜಿಪುಣ. ಸ್ವಂತ ಅಳಿಯನಿಗೂ ಅವನು ಆ ಮಾತು ಕೊಟ್ಟವನಲ್ಲ.

"ತಲೆ ನಂದು," ಅಂದ ಎದೆಯುಬ್ಬಿಸಿ. "ಹಿಂದಿನದು ನಮ್ಮ ಲೆನರ್ಡ್‌ದು."