ವಿಮಾನದ ದಾರಿಯಲ್ಲಿ ಹಾಸಿದ ನೂಲು

ಅದು ೧೯೬೨ರ ಬೇಸಿಗೆ. ಗಡಹಿಂಗ್ಲಜದಿಂದ ಮದುವೆಯಾಗಿ ಕೊಲ್ಹಾಪುರದ ಹೊರಗಿನ ನೇಕಾರರ ಓಣಿಗೆ ಬಂದು ನನಗೆ ಎಂಟು ತಿಂಗಳಾಗಿತ್ತು. ಗಂಡ ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಮನೆಯಲ್ಲಿ ಕೈಮಗ್ಗದ ಮುಂದೆ ಮಾವ, ರಾಟೆಯ ಮುಂದೆ ಅತ್ತೆ, ಇಬ್ಬರ ನಡುವೆ ಬಾಯಿಬಡುಕಿ ನಾನು.

ನೇಯುವ ಮೊದಲು ಹಾಸುನೂಲಿಗೆ, ಅಂದರೆ ಮಗ್ಗದ ಉದ್ದೆಳೆಗಳಿಗೆ, ಗಂಜಿ ಕುಡಿಸಬೇಕು. ನೂರು ಮೊಳ ನೂಲನ್ನು ಎರಡು ಗೂಟಗಳ ನಡುವೆ ಹಗ್ಗದಿಂದ ಬಿಗಿದು, ಕೆಳಗೆ ಕವಲುಕೋಲುಗಳ ಆಸರೆ ಕೊಟ್ಟು, ಗಂಜಿ ಸವರಿ, ಒಣಗುವ ತನಕ ಕುಂಚ ಎಳೆಯುತ್ತ ಆ ತುದಿಯಿಂದ ಈ ತುದಿಗೆ ಓಡಾಡಬೇಕು. ಹಸಿ ಇದ್ದಾಗ ಬಿಗಿ ಸಡಿಲಿಸಿದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ನಮ್ಮ ಓಣಿಯೋ ನಾಯಿ ಬಾಲದಂತೆ ಡೊಂಕು. ಸೈಕಲ್ಲಿನವರಿಗೂ ಎಮ್ಮೆಗಳಿಗೂ ಬೈದು ಬೈದು ಮಾವನ ಗಂಟಲು ಒಣಗುತ್ತಿತ್ತೇ ಹೊರತು ನೂಲು ಒಣಗುತ್ತಿರಲಿಲ್ಲ.

ಊರಾಚೆ ವಿಮಾನ ಇಳಿಯುವ ಗರಸುಮಣ್ಣಿನ ಬಯಲಿತ್ತು. ಹೊಸ ಹೊಸ ಊರುಗಳಿಗೆ ವಿಮಾನ ಹಾರತೊಡಗಿದ್ದ ಕಾಲ ಅದು. ನಮ್ಮಲ್ಲಿಗೂ ಬುಧವಾರ ಒಂದು ಬರುತ್ತಿತ್ತು. ನೆಲದ ಮೇಲೆ ಮಾತ್ರ ಇದ್ದದ್ದು ಒಂದು ತಗಡಿನ ಕೋಣೆ ಮತ್ತು ಆಡು ಓಡಿಸಲು ಕೋಲು ಹಿಡಿದ ಕಾವಲುಗಾರ ವಿಠೋಬಾ. ಫೋನಿಲ್ಲ, ವೈರ್‌ಲೆಸ್ಸಿಲ್ಲ. ಬೇರೆ ದಿನ ವಿಮಾನ ಬರುವುದಿದ್ದರೆ ಪೇಟೆಯ ಅಂಚೆ ಕಚೇರಿಯಿಂದ ತಾರು, ಅಂದರೆ ತಂತಿ ಸುದ್ದಿ, ಬರಬೇಕು.

ಉಪಾಯ ಹೇಳಿದವಳು ನಾನೇ. "ಮಾವಾರ, ಆ ಬಯಲ ನೋಡ್ರಿ, ಎಷ್ಟ ನೆಟ್ಟಗ ಐತಿ! ಬುಧವಾರ ಒಂದ ಬಿಟ್ರ ಖಾಲಿನ ಬಿದ್ದಿರತೈತಿ" ಎಂದೆ. ಮಾವ ನಕ್ಕರು, ಆಮೇಲೆ ವಿಠೋಬಾನನ್ನು ಕೇಳಿದರು. "ಹಾಸ್ಕೋರಿ, ಕಾಯ್ ಹರಕತ್ ನಾಹೀ. ಆಡಿಗಿಂತ ನೀವ ಚಲೋ" ಎಂದ ಆತ. ಮೂರು ಹಾಸು ಅಲ್ಲಿಯೇ ಸುಸೂತ್ರವಾಗಿ ಮುಗಿದವು. ಓಣಿಯಲ್ಲೆಲ್ಲ ನನ್ನ ಜಾಣತನದ್ದೇ ಮಾತು. ನನಗೂ ಸ್ವಲ್ಪ ಕೋಡು ಮೂಡಿತ್ತು.

ನಾಲ್ಕನೆಯದು ಸೋಮವಾರ. ಗಂಜಿ ಹಾಕಿ ಮಾವ, ಅತ್ತೆ, ನಾನು ಇನ್ನೂ ಕುಂಚ ಎಳೆಯುತ್ತಿದ್ದೆವು. ಗುಡುಗುಡು ಸದ್ದು ಕೇಳಿತು. ವಿಠೋಬಾ ಕೋಲು ಬೀಸುತ್ತ ಓಡಿಬಂದ. "ತೆಗೀರಿ! ತೆಗೀರಿ! ತಾರ ಬಂದಿಲ್ರಿ, ಇದು ಯಾವದೋ ಏನೋ!"

ವಿಮಾನ ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿತು. ಮಾವ ಕುಂಚ ಹಿಡಿದೇ ನಿಂತಿದ್ದರು. "ತಡಿಯವ್ವಾ, ಸುತ್ತ ಹೊಡದ ಹೋಗತೈತಿ. ಅರ್ಧಾ ಒಣಗೇತಿ" ಎಂದರು. ಅತ್ತೆ ಆರು ದಿನ ಕೂತು ಸಿದ್ಧಮಾಡಿದ ನೂಲು ಅದು. ಬಿಗಿದ ಹಾಸನ್ನು ಮಾವ ಹೇಳದೆ ಮಗನೂ ಮುಟ್ಟುತ್ತಿರಲಿಲ್ಲ, ಇನ್ನು ಸೊಸೆಯ ಮಾತೆಲ್ಲಿ? ಆದರೆ ವಿಮಾನ ಹೋಗಲಿಲ್ಲ. ದೂರದಲ್ಲಿ ತಿರುಗಿ, ತಗ್ಗಿ, ನೇರ ನಮ್ಮ ಕಡೆಗೇ ಬಂತು.

ಎಮ್ಮೆಗೆ ಹುಲ್ಲು ಕೊಯ್ಯಲು ತಂದ ಕುಡಗೋಲು ನನ್ನ ಹತ್ತಿರವಿತ್ತು. ಹಗ್ಗ ಕಡಿದುಬಿಟ್ಟೆ. ನೂರು ಮೊಳ ನೂಲು ಬೆಂದ ಶ್ಯಾವಿಗೆಯಂತೆ ಕುಸಿಯಿತು. "ಯವ್ವಾ, ಏನ ಮಾಡಿದಿ!" ಎಂದು ಮಾವ ಕೂಗಿದರು. ಕೂಗುತ್ತಲೇ ಆಚೆ ತುದಿಗೆ ಓಡಿ, ಗೂಟವನ್ನು ತಬ್ಬಿ ಅಲ್ಲಾಡಿಸಿ ಕಿತ್ತರು. ಈಚೆಯದನ್ನು ವಿಠೋಬಾ ಕಿತ್ತ. ನಾನೂ ಅತ್ತೆಯೂ ಕವಲುಕೋಲುಗಳ ಸಮೇತ ನೂಲನ್ನು ಬದಿಗೆ ಎಳೆದು ಅದರ ಮೇಲೆಯೇ ಬಿದ್ದೆವು. ವಿಮಾನ ಧೂಳೆಬ್ಬಿಸುತ್ತ ಪಕ್ಕದಲ್ಲೇ ಹಾದು ಹೋಗಿ ನಿಂತಿತು.

ಎಂಜಿನ್ ಕೆಟ್ಟು ಇಳಿದ ವಿಮಾನವಂತೆ. ಹತ್ತು ಹನ್ನೆರಡು ಜನ ಇಳಿದರು. ಕೂಸನ್ನು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ನೀರು ಕೇಳಿದಳು. ನಮ್ಮ ಕೊಡದಿಂದ ಬಗ್ಗಿಸಿ ಕೊಟ್ಟೆ. ವಿಮಾನ ನಡೆಸಿದ ಸಾಹೇಬ ನಮ್ಮ ಕಡೆ ಬಂದಾಗ, ಇನ್ನು ಪೊಲೀಸರೇ ಎಂದುಕೊಂಡೆ. ಆತ ಹಿಂದಿಯಲ್ಲಿ ಕೇಳಿದ್ದನ್ನು ವಿಠೋಬಾ ನಮಗೆ ಹೇಳಿದ.

"ನಡುವ ಬಿಳಿ ಗೆರಿ ಇತ್ತಲ್ಲ, ಅದನ್ನ ಯಾಕ ತಗದ್ರಿ ಅಂತ ಕೇಳಾಕತ್ತಾರ. ಯಾವ ಊರಾಗೂ ಗೆರಿ ಇಲ್ಲ, ಇಲ್ಲ್ಯಾದ್ರೂ ಯಾರೋ ಹಾಕ್ಯಾರಂತ ಖುಷಿ ಆಗಿತ್ತಂತ. ಅದರ ಮ್ಯಾಲ ಇಳಸಾಕ ಬಂದಿದ್ರಂತ."

ಅದರ ಮೇಲೆಯೇ. ಮಾವ ನೂಲಿನ ಮುದ್ದೆಯನ್ನೂ ಗೂಟಗಳನ್ನೂ ತೋರಿಸಿದರು. ಸಾಹೇಬ ಬಗ್ಗಿ ಒಂದೆಳೆ ಮುಟ್ಟಿದ. ಬೆರಳಿಗೆ ಗಂಜಿ ಹತ್ತಿತು. ಮುಖ ಸುಣ್ಣದ ಹಾಗಾಯಿತು. ನಮ್ಮನ್ನು ಬೈಯಲಿಲ್ಲ. ಮಾವನ ಪಕ್ಕ ಗರಸಿನ ಮೇಲೆ ಕೂತುಬಿಟ್ಟ.

ಮುದ್ದೆ ಹೊತ್ತು ಮನೆಗೆ ಹೊರಟಾಗ ಅಂಚೆಯವ ಸೈಕಲ್ ತುಳಿಯುತ್ತ ಎದುರಾದ. ಸಾಲಾಗಿ ಹೊರಟಿದ್ದ ನಮ್ಮ ಮೆರವಣಿಗೆ ನೋಡಿ ಸೈಕಲ್ ನಿಲ್ಲಿಸಿದ. ಅವನ ಕೈಯಲ್ಲಿ ತಾರು. ಸಾಹೇಬ ಮೇಲಿಂದ ವೈರ್‌ಲೆಸ್ಸಿನಲ್ಲಿ ಹೇಳಿದ್ದನ್ನು ಬೇರೆ ಊರಿನವರು ಕಳಿಸಿದ್ದ, ವಿಮಾನ ಬರುತ್ತಿದೆ ಎಂಬ ತಾರು!

ಆ ಸಂಜೆ ಅತ್ತೆ ಮಾವನ ತಾಟಿಗೆ ರೊಟ್ಟಿ ಹಾಕಲು ಹೋದರು. ಮಾವ ಕೈ ಅಡ್ಡ ಹಿಡಿದರು. "ನಾನಾಗಿದ್ರ ಹಗ್ಗ ಬಿಡತಿದ್ದಿಲ್ಲ. ಮೊದಲ ಅಕಿಗೆ ಬಡಸ" ಎಂದರು. ಗಂಡಸರ ಊಟವಾಗದೆ ಸೊಸೆ ತುತ್ತೆತ್ತದ ಮನೆ ಅದು. ಅವರು ನೋಡುತ್ತ ಕೂತರು, ನಾನು ಅಳುತ್ತ ಉಂಡೆ. ಉಪಾಯವೂ ನನ್ನದೇ ಅಲ್ಲವೇ? ಅದನ್ನು ಆ ಮನೆಯಲ್ಲಿ ಒಬ್ಬರೂ ಎತ್ತಿ ಆಡಲಿಲ್ಲ.

ಈಗ ಮಕ್ಕಳ ದಯೆಯಿಂದ ನಾಲ್ಕೈದು ಸಲ ವಿಮಾನ ಹತ್ತಿದ್ದೇನೆ. ಇಳಿಯುವಾಗ ಎಲ್ಲರೂ ಊರು ನೋಡುತ್ತಾರೆ, ನಾನು ನೆಲದ ಬಿಳಿ ಗೆರೆ ಹುಡುಕುತ್ತೇನೆ. ಗಾಲಿ ಉರುಳಿ ನಿಂತ ಮೇಲೆಯೇ, ಹೌದು, ಬಣ್ಣವೇ, ಎಂದು ಉಸಿರು ಬಿಡುತ್ತೇನೆ.