ಅಕ್ಕನ ಸಂಬಳ

ನಮ್ಮ ತೋಟದಲ್ಲಿ ರೇಡಿಯೋ ಹಾಕಿ ನಿನ್ನ ಮಾತು ಕೇಳುತ್ತೇವೆ ಎಂದು ನಾನು ಅಕ್ಕನಿಗೆ ಹೇಳಲೇ ಇಲ್ಲ. ಈ ಸಲ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ ಶುರುವಾಗಿ ಸಿಪ್ಪೆಯ ಹುಳಿ ವಾಸನೆ ಬಾಳೂರಿನ ರಸ್ತೆಯವರೆಗೂ ಹರಡಿದಾಗ ಮತ್ತೆ ಅದೇ ನೆನಪಾಯಿತು. ಕುಯ್ಲಿನ ದಿನಗಳಲ್ಲಿ ಈ ವಾಸನೆಯೂ ಅವಳ ಧ್ವನಿಯೂ ನನಗೆ ಒಟ್ಟಿಗೇ ಬರುತ್ತಿದ್ದವು...

ಅಕ್ಕ ಮಂಗಳೂರಿನ ಒಂದು ಎಫ್‌ಎಂ ರೇಡಿಯೋದಲ್ಲಿ ಹಾಡಿನ ಕಾರ್ಯಕ್ರಮ ನಡೆಸುತ್ತಿದ್ದಳು. ಅವಳು ಕಾಲೇಜು ಓದಿದಳು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತೋಟ ಸೇರಿ, ಆಮೇಲೆ ಮೇಸ್ತ್ರಿಯಾದೆ. ನನಗೆ ವರ್ಷವೆಲ್ಲ ದುಡಿದರೆ ಸಿಗುವುದು ಅವಳಿಗೆ ಎರಡೇ ತಿಂಗಳಲ್ಲಿ ಸಿಗುತ್ತಿತ್ತು. ಅಮ್ಮ ಅದನ್ನು ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತುವವನಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಮ್ಮೆ ಬಣಕಲ್‌ನ ಚಿಕ್ಕಪ್ಪನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಎಲ್ಲರೆದುರು ಕೇಳಿಬಿಟ್ಟೆ: "ಹಾಡು ಬರೆದೋರು ಒಬ್ರು, ಹೇಳಿದೋರು ಇನ್ನೊಬ್ರು. ಗುಂಡಿ ಒತ್ತೋಳಿಗೆ ಯಾಕೆ ಅಷ್ಟು ಸಂಬಳ?"

ಪಂಕ್ತಿಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು. "ನೀನೇನು ಕಾಫಿ ಕುಯ್ತೀಯ ಮಾರಾಯ? ಕುಯ್ಯೋರ ಹಿಂದೆ ನಿಂತ್ಕೊಂಡೇ ಸಂಬಳ ತಗೊಳ್ಳಲ್ವ?"

ನಗು ಜೋರಾಯಿತು. ನನಗೆ ಮೈ ಉರಿಯಿತು. ಕೈ ತೊಳೆಯುವಾಗ ಅವಳು ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ನಿಜ ಹೇಳು, ನಿಮ್ಮ ತೋಟದಲ್ಲಿ ಯಾರಾದ್ರೂ ನನ್ನ ಮಾತು ಕೇಳ್ತಾರಾ?"

"ಅಲ್ಲಿ ನಿಮ್ಮ ಸ್ಟೇಷನ್ನೇ ಹಿಡಿಯಲ್ಲ" ಎಂದೆ.

ಸುಳ್ಳು. ಪಶ್ಚಿಮಕ್ಕೆ ಮುಖ ಮಾಡಿದ ಗುಡ್ಡದಲ್ಲಿ ಸ್ಪಷ್ಟವಾಗಿ ಹಿಡಿಯುತ್ತಿತ್ತು. ಯಾವ ಹೊತ್ತಿಗೆ ಯಾವ ಬ್ಲಾಕ್ ಕುಯ್ಯಬೇಕೆಂದು ಹೇಳುವವನು ನಾನೇ. ಬೆಳಿಗ್ಗೆ ತಗ್ಗಿನ ಬ್ಲಾಕಿನಲ್ಲಿ ಶುರುಮಾಡಿಸಿ, ಅಕ್ಕನ ಕಾರ್ಯಕ್ರಮದ ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ಆ ಗುಡ್ಡಕ್ಕೆ ಹತ್ತಿಸುತ್ತಿದ್ದೆ. ಹೆಂಗಸರು ಚಿಕ್ಕ ರೇಡಿಯೋವನ್ನು ಗಿಡದ ಕವಲಿಗೆ ಸಿಕ್ಕಿಸುತ್ತಿದ್ದರು. ಆ ಹೊತ್ತಿನಲ್ಲಿ ಜಗಳ ಇರುತ್ತಿರಲಿಲ್ಲ, ಹಣ್ಣಿನ ಜೊತೆ ಕಾಯಿ ಕೀಳುವುದೂ ಕಡಿಮೆ.

ಎರಡು ಹಾಡುಗಳ ನಡುವೆ ಅಕ್ಕ ಹೇಳುತ್ತಿದ್ದಳು: "ಕಡಲ ಕಡೆ ಮೋಡ ಕಟ್ಟಿದೆ. ಘಟ್ಟದ ಮೇಲೆ ಕಾಫಿ ಒಣಗಿಸೋರು ಟಾರ್ಪಾಲು ಹತ್ರ ಇಟ್ಕೊಳ್ಳಿ."

ರೇಡಿಯೋದಲ್ಲಿ ಅವಳಿಗೆ ಬೇರೆ ಹೆಸರಿತ್ತು, ಹಾಗಾಗಿ ಅವಳು ನನ್ನ ಅಕ್ಕನೆಂದು ಯಾರಿಗೂ ಗೊತ್ತಾಗಲಿಲ್ಲ. "ನಮ್ಮ ಮೇಸ್ತ್ರಿಗಿಲ್ಲದ ಚಿಂತೆ ಈ ಅಮ್ಮನಿಗೆ" ಎಂದು ಕುಯ್ಯುವವರಲ್ಲಿ ಹಿರಿಯಳೊಬ್ಬಳು ನಗುತ್ತಿದ್ದಳು. ನಾನು ಬೇರೆ ಕಡೆ ಮುಖ ತಿರುಗಿಸಿ, ಆಳು ಕಳಿಸಿ ಕಣ ಮುಚ್ಚಿಸುತ್ತಿದ್ದೆ. ಅಕಾಲದ ಮಳೆಯಲ್ಲಿ ಕಣದಲ್ಲಿ ಹರಡಿದ್ದ ನಮ್ಮ ಪಾರ್ಚ್‌ಮೆಂಟ್ ಕಾಫಿ ನೆನೆಯಲಿಲ್ಲವೆಂದು ಸಾಹುಕಾರರು ಹೊಗಳಿದ್ದು ನನ್ನನ್ನು. ಆ ಹೊಗಳಿಕೆಯನ್ನೂ ನಾನೇ ಇಟ್ಟುಕೊಂಡೆ.

ಹೋದ ಮಳೆಗಾಲದಲ್ಲಿ ಅಕ್ಕ ಕಾಯಿಲೆ ಬಿದ್ದಳು. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತಿದ್ದೆ. "ಊರಲ್ಲಿ ಮಳೆ ಹೇಗಿದೆ?" ಎಂದು ಕೇಳಿದಳು. ಜೋರಿದೆ ಎಂದೆ. ಆಗಲೂ ಹೇಳಬಹುದಿತ್ತು... ನಾಳೆ ಹೇಳಿದರಾಯಿತು ಅಂದುಕೊಂಡೆ. ಅವಳಿಗೆ ನಾಳೆ ಇರಲಿಲ್ಲ.

ಈಗ ಅದೇ ಹೊತ್ತಿಗೆ ಇನ್ನೊಬ್ಬ ಹುಡುಗಿ ಮಾತಾಡುತ್ತಾಳೆ. ಅವಳಿಗೆಷ್ಟು ಕೊಡುತ್ತಾರೋ ನಾನು ಯಾರನ್ನೂ ಕೇಳಿಲ್ಲ. ಆದರೂ ಕೂಲಿಯವರನ್ನು ಆ ಗುಡ್ಡಕ್ಕೇ ಹತ್ತಿಸುತ್ತೇನೆ. ಅಕ್ಕನ ಧ್ವನಿ ಎಲ್ಲಾದರೂ ಸಿಕ್ಕೀತು ಎಂಬ ಹುಚ್ಚು ಆಸೆ ಇನ್ನೂ ಹೋಗಿಲ್ಲ.

ಮೊನ್ನೆ ಆ ಹಿರಿಯಳು ಕೇಳಿದಳು: "ಮೇಸ್ತ್ರಿ, ಮೊದ್ಲಿದ್ದ ಅಮ್ಮ ಎಲ್ಲಿ ಹೋದ್ರು? ಈ ಹುಡುಗಿಗೆ ಉಸಿರು ಬಿಡೋಕೂ ಪುರುಸೊತ್ತಿಲ್ಲ."

"ಅವ್ಳು ನನ್ನ ಅಕ್ಕ. ಈಗಿಲ್ಲ" ಎಂದೆ.

ಕುಯ್ಯುವ ಕೈಗಳು ನಿಂತವು. ಅವಳು ನನ್ನನ್ನೇ ನೋಡುತ್ತ, "ಇಷ್ಟು ವರ್ಷ ಒಂದ್ ಮಾತು ಹೇಳ್ಲಿಲ್ವಲ್ಲ" ಎಂದಳು.

ನಾನು ಘಟ್ಟದ ಕೆಳಗೆ, ಮಂಗಳೂರಿನ ಕಡೆಗೆ ತಿರುಗಿದೆ. ಅವರೆಲ್ಲ ಕೇಳಿಸಿಕೊಳ್ಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ದಿನಾ ಕೇಳ್ತಿದ್ವಿ ಅಕ್ಕ. ಹೊಟ್ಟೆಕಿಚ್ಚಿಗೆ ನಿಂಗೆ ಸುಳ್ಳು ಹೇಳ್ದೆ. ತಪ್ಪಾಯ್ತು."