ಗಣಕ ಗವಾಕ್ಷಿಯ ರಂಜನ್ ಸಾರ್

ಎರಡು ಸಾವಿರದ ಒಂದನೇ ಇಸವಿಯಲ್ಲಿ ನಂಜನಗೂಡಿನಿಂದ ಹೊರಡುತ್ತಿದ್ದ ‘ಕಪಿಲಾ ತೀರ’ ಎಂಬ ವಾರಪತ್ರಿಕೆಯಲ್ಲಿ ರಂಜನ್ ಎಂಬುವರು ಕಂಪ್ಯೂಟರಿನ ವಿಷಯ ಬರೆಯುತ್ತಿದ್ದರು. ಅಂಕಣದ ಹೆಸರು ‘ಗಣಕ ಗವಾಕ್ಷಿ’. ರಂಜನ್ ಯಾವುದೋ ಕಾರ್ಖಾನೆಯ ಇಂಜಿನಿಯರ್ ಇರಬೇಕೆಂದು ಕೆಲವರು, ನಿವೃತ್ತ ಮೇಷ್ಟ್ರಿರಬೇಕೆಂದು ಕೆಲವರು ಅಂದುಕೊಂಡಿದ್ದರು. ಬರೆಯುತ್ತಿದ್ದವಳು ಬೆಲ್ಲದ ವ್ಯಾಪಾರಿಯೊಬ್ಬರ ಮಗಳು ಶಿವರಂಜನಿ. ಇಪ್ಪತ್ತಾರು ವರ್ಷ. ಬಜಾರ್ ಬೀದಿಯ ಬಟ್ಟೆ ಅಂಗಡಿಯ ಮಹಡಿಯಲ್ಲಿದ್ದ ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುತ್ತಿದ್ದಳು.

ಹೆಸರು ಕತ್ತರಿಸಿದವರು ಸಂಪಾದಕ ಗಂಗಾಧರಸ್ವಾಮಿ. “ಹೆಣ್ಣೆಸರು ಹಾಕುದ್ರೆ ಈ ವಿಷ್ಯ ಯಾರೂ ನಂಬಲ್ಲ ಕಣಮ್ಮ. ರಂಜನಿ ಅನ್ನೋದು ರಂಜನ್ ಆದ್ರೆ ಏನಾತು? ಒಂದು ಗುಡಿಸು ಹೋಯ್ತು ಅಷ್ಟೆ,” ಎಂದಿದ್ದರು. ಅವಳಿಗೂ ಅದು ಒಂದು ರೀತಿಯಲ್ಲಿ ಅನುಕೂಲವೇ ಆಗಿತ್ತು. ಮನೆಯಲ್ಲಿ ಗಂಡು ನೋಡುತ್ತಿದ್ದರು. ಪೇಪರಿನಲ್ಲಿ ಬರೆಯುವ ಹುಡುಗಿ ಎಂದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತಿತ್ತು.

ವಿದ್ಯಾರ್ಥಿಗಳು ಬರುವ ಮುಂಚೆ, ಬೆಳಿಗ್ಗೆ ಏಳೂವರೆಗೆ ಹೋಗಿ ಬೀಗ ತೆಗೆಯುತ್ತಿದ್ದಳು. ಟೆಲಿಫೋನ್ ವಯರನ್ನು ಯಂತ್ರಕ್ಕೆ ಸಿಕ್ಕಿಸಿದರೆ ಅದು ಕಿರುಚಿ, ಗೊರಗುಟ್ಟಿ, ಕೊನೆಗೆ ಸುಮ್ಮನಾಗಿ ಇಂಟರ್‌ನೆಟ್ಟಿಗೆ ಸೇರುತ್ತಿತ್ತು. ಪುಟವೊಂದು ಇಳಿಯುವುದು ಆಳದ ಬಾವಿಯಿಂದ ಕೊಡ ಮೇಲೆ ಬಂದ ಹಾಗೆ. ಅಷ್ಟು ಹೊತ್ತು ಕಾದು, ಓದಿ, ನೋಟ್ ಪುಸ್ತಕಕ್ಕೆ ಬರೆದುಕೊಳ್ಳುವಳು. ಪೆಂಗ್ವಿನ್ ಗುರುತಿನ ಒಂದು ತಂತ್ರಾಂಶವನ್ನು ಮುಖ ನೋಡದ ಸಾವಿರಾರು ಜನ ಸೇರಿ ಬರೆದು ಪುಕ್ಕಟೆ ಹಂಚುತ್ತಿದ್ದಾರೆಂದು ಓದಿದ ದಿನ ಅವಳಿಗೆ ಊಟ ಸೇರಲಿಲ್ಲ. ಇದು ದಾಸೋಹವಲ್ಲದೆ ಇನ್ನೇನು ಎಂದು ಬರೆದಳು. ಆ ಅಂಕಣವನ್ನು ಮಠದ ಹಾಸ್ಟೆಲಿನ ಹುಡುಗರು ಕತ್ತರಿಸಿ ಗೋಡೆಗೆ ಅಂಟಿಸಿದ್ದರಂತೆ.

ಓದುಗರ ಕಾಗದಗಳೂ ಬರತೊಡಗಿದವು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದರೆ ವೈರಸ್ ಬರುತ್ತದೆಯೇ? ಇಂಟರ್‌ನೆಟ್ಟಿಗೆ ಮಳೆ ಯಾವಾಗ ಎಂದು ಗೊತ್ತೇ? ಎಲ್ಲದಕ್ಕೂ ಉತ್ತರ ಬರೆದಳು. ಪ್ರತಿ ಕಾಗದದ ಮೊದಲ ಸಾಲು ‘ಮಾನ್ಯ ರಂಜನ್ ಸಾರ್’ ಎಂದೇ ಇರುತ್ತಿತ್ತು. ಅದನ್ನು ಓದುವಾಗ ಅವಳಿಗೆ ನಗು ಬರುತ್ತಿತ್ತು. ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ಆ ವರ್ಷ ಆಷಾಢದ ಗಾಳಿಗೆ ಎಲ್ಲೋ ಕಂಬ ಬಿದ್ದು ನಾಲ್ಕು ದಿನ ಫೋನ್ ಕೆಟ್ಟಿತ್ತು. ಅಂಕಣಕ್ಕೆ ವಿಷಯವಿರಲಿಲ್ಲ. ಬುಧವಾರ ಲೈನ್ ಬಂದು ಹತ್ತು ನಿಮಿಷ ಇತ್ತು. ಅಷ್ಟರಲ್ಲಿ ಮೇಲ್ ಪೆಟ್ಟಿಗೆ ತೆರೆದರೆ, ಮೈಸೂರಿನಲ್ಲಿ ಪಾಠ ಹೇಳುವ ಗೆಳತಿಯಿಂದ ಒಂದು ಮೇಲ್ ಬಂದಿತ್ತು. ಅದೂ ಅವಳಿಗೆ ಯಾರೋ ಕಳಿಸಿದ್ದು, ಅವರಿಗೆ ಇನ್ಯಾರೋ. ಒಂದು ವೈರಸ್ ಎಲ್ಲರ ಕಂಪ್ಯೂಟರಿನಲ್ಲೂ ಮಲಗಿದೆ, ಒಂದನೇ ತಾರೀಕು ಎದ್ದು ಎಲ್ಲವನ್ನೂ ಅಳಿಸುತ್ತದೆ, ವೈರಸ್ ಹಿಡಿಯುವ ತಂತ್ರಾಂಶಕ್ಕೂ ಅದು ಕಾಣುವುದಿಲ್ಲ. ಈ ಹೆಸರಿನ ಫೈಲ್ ಹುಡುಕಿ, ಸಿಕ್ಕರೆ ಕೂಡಲೇ ಅಳಿಸಿ, ಕಸದ ಬುಟ್ಟಿಯಿಂದಲೂ ಅಳಿಸಿ ಎಂದಿತ್ತು.

ಶಿವರಂಜನಿ ಹುಡುಕಿದಳು. ಆ ಫೈಲ್ ತರಗತಿಯ ಆರು ಯಂತ್ರಗಳಲ್ಲೂ ಇತ್ತು. ಆರರಲ್ಲೂ ಅಳಿಸಿ, ಮತ್ತೆ ಚಾಲೂ ಮಾಡಿದಳು. ಎಲ್ಲ ಸರಿಯಾಗಿಯೇ ಓಡಿದವು. ಕೂತ ಜಾಗದಲ್ಲೇ ಅಂಕಣ ಬರೆದು ಕೊಟ್ಟಳು. ಗಂಗಾಧರಸ್ವಾಮಿ ಅದನ್ನು ಮೊದಲ ಪುಟಕ್ಕೆ ಹಾಕಿದರು.

ಫೋನ್ ಪೂರ್ತಿ ಸರಿಹೋದದ್ದು ಶನಿವಾರ. ಆವತ್ತೇ ಗೊತ್ತಾಯಿತು, ಮೇಲ್ ಸುಳ್ಳು. ಯಾರೋ ತಮಾಷೆಗೆ ಹುಟ್ಟಿಸಿ ಬಿಟ್ಟದ್ದು. ಆ ಫೈಲ್ ಪ್ರತಿ ಕಂಪ್ಯೂಟರಿನ ಜೊತೆಯಲ್ಲೇ ಬರುವಂಥದ್ದು, ಅದಕ್ಕೇ ಎಲ್ಲದರಲ್ಲೂ ಇತ್ತು. ಹೊಸ ಯಂತ್ರಗಳಲ್ಲಿ ಅದಿಲ್ಲದಿದ್ದರೂ ನಡೆಯುತ್ತದೆ, ಹಳೆಯ ಕೆಲವು ಯಂತ್ರಗಳು ಮಾತ್ರ ಅದಿಲ್ಲದೆ ಏಳುವುದಿಲ್ಲ.

ಅವಳು ಒಂದು ಪೂರ್ತಿ ಅಂಕಣ ಬರೆದು ಪತ್ರಿಕೆಯ ಕಚೇರಿಗೆ ಓಡಿದಳು. ತಪ್ಪು ನನ್ನದು, ವಿಚಾರಿಸದೆ ಬರೆದೆ, ಅಳಿಸಿದವರು ಹೀಗೆ ಹೀಗೆ ಮಾಡಿ ಸರಿಪಡಿಸಿಕೊಳ್ಳಿ ಎಂದು. ಗಂಗಾಧರಸ್ವಾಮಿ ಓದಿ ಕನ್ನಡಕ ತೆಗೆದರು.

“ಇದ್ನ ಹಾಕುದ್ರೆ ಪೇಪರಿನ ಮರ್ಯಾದೆ ಏನಾಗಬೇಕು ತಾಯಿ? ನಾಲ್ಕನೇ ಪುಟದಲ್ಲಿ ಎರಡು ಸಾಲು ಹಾಕ್ತೀನಿ. ನಮ್ಮ ತಾಲ್ಲೂಕಲ್ಲಿ ಕಂಪ್ಯೂಟರ್ ಇಟ್ಕಂಡಿರೋರು ಎಷ್ಟು ಜನ ಅದಾರೆ ಹೇಳು.”

“ಒಬ್ರು ಅಳಿಸಿದ್ರೂ ತೊಂದ್ರೆನೇ ಅಲ್ವಾ ಸ್ವಾಮಿಯೋರೆ?”

“ಎರಡು ಸಾಲು ಸಾಕು ಕಣಮ್ಮ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಅವಳು ಜಗಳವಾಡಬಹುದಿತ್ತು. ಆಡಲಿಲ್ಲ. ಮನೆಗೆ ನಡೆಯುವಾಗ ಅವಳಿಗೆ ಆಗಿದ್ದು ನಿರಾಳ. ಮುಂದೆ ಅವಳನ್ನು ಕೊರೆದದ್ದೂ ಆ ನಿರಾಳವೇ. ಸಿನಿಮಾ ಜಾಹೀರಾತಿನ ಕೆಳಗೆ ಎರಡು ಸಾಲು ಬಂತು. ಹುಡುಕಿದವರಿಗೂ ಕಾಣುವಂತಿರಲಿಲ್ಲ.

ಒಂದು ವಾರ ಕಳೆದು ಪತ್ರಿಕೆಯ ಕಚೇರಿಯಿಂದ ಒಂದು ಇನ್‌ಲ್ಯಾಂಡ್ ಕಾಗದ ಬಂತು. ಬಂದು ನಾಲ್ಕೈದು ದಿನ ಅಲ್ಲೇ ಬಿದ್ದಿತ್ತು. ತಿರುಮಕೂಡಲು ನರಸೀಪುರದಲ್ಲಿ ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟಿದ್ದ ಇಂದ್ರಾಣಿ ಎಂಬಾಕೆ ಬರೆದದ್ದು. ‘ಮಾನ್ಯ ರಂಜನ್ ಸಾರ್, ತಾವು ಬರೆದಂತೆ ಆ ಫೈಲ್ ಅಳಿಸಿದೆ. ಆಮೇಲೆ ಕಂಪ್ಯೂಟರ್ ಏಳುತ್ತಿಲ್ಲ. ಹಳೇ ಕಂಪ್ಯೂಟರ್ ಸಾರ್. ಅದರಲ್ಲಿ ನಮ್ಮ ಅಜ್ಜಿ ಹೇಳಿದ್ದೆಲ್ಲ ಇದೆ. ಮುಂದೆ ಏನು ಮಾಡಬೇಕು ದಯವಿಟ್ಟು ತಿಳಿಸಿ.’

ಮಾರನೆಯ ದಿನ ಶಿವರಂಜನಿ ತರಗತಿಗೆ ರಜ ಹಾಕಿ, ಆ ಫೈಲನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಸುತ್ತೂರಿನ ಮೇಲೆ ನರಸೀಪುರಕ್ಕೆ ಹೋಗುವ ಬಸ್ ಹತ್ತಿದಳು. ಅಂಗಡಿ ಸಿಕ್ಕಿತು. ಒಳಗೆ ಕಂಪ್ಯೂಟರ್ ಓಡುತ್ತಿತ್ತು. ತನ್ನ ವಯಸ್ಸಿನವಳೇ ಒಬ್ಬಳು ಮದುವೆ ಪತ್ರಿಕೆ ಟೈಪ್ ಮಾಡುತ್ತಿದ್ದಳು.

“ಸರಿ ಹೋಯ್ತಾ?” ಎಂದಳು ಶಿವರಂಜನಿ, ಉಸಿರು ಬಿಟ್ಟು.

“ನೀವು?”

ಬಾಯಿಗೆ ಬಂದದ್ದು ಸುಳ್ಳು. “ರಂಜನ್ ಸಾರ್ ಕಳ್ಸಿದ್ರು. ನಂಜನಗೂಡಿಂದ.”

ಇಂದ್ರಾಣಿ ಎದ್ದು ಸ್ಟೂಲ್ ಎಳೆದು ಹಾಕಿದಳು. “ಅಯ್ಯೋ, ಸಾರ್‌ಗೆ ಎಷ್ಟು ತೊಂದ್ರೆ ಆಯ್ತು ನೋಡಿ. ಮೊನ್ನೆ ಮೈಸೂರಿಂದ ಒಬ್ಬನ್ನ ಕರೆಸಿದ್ದೆ. ಎಲ್ಲ ಒರೆಸಿ ಹೊಸ್ದಾಗಿ ಹಾಕ್ಕೊಟ್ಟ. ಓಡ್ತದೆ. ಅಜ್ಜಿದು ಹೋಯ್ತು.” ಆಮೇಲೆ ಸ್ವಲ್ಪ ತಡೆದು ಕೇಳಿದಳು. “ಟೀ ತರಿಸ್ಲಾ? ನಮ್ಮಲ್ಲಿ ಕುಡೀತೀರಾ?” ಕೇಳಿದ ರೀತಿಯಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಶಿವರಂಜನಿ ಕುಡಿದಳು.

ಅಜ್ಜಿ ಮರಿತಾಯಮ್ಮ ಮುಡುಕುತೊರೆ, ತಲಕಾಡಿನ ಕಡೆಯ ಕೇರಿಗಳಿಗೆಲ್ಲ ಸೂಲಗಿತ್ತಿ. ಓದು ಬಾರದು. ಆದರೆ ತನ್ನ ಕೈಮೇಲೆ ಹುಟ್ಟಿದ ಒಂದೊಂದು ಕೂಸೂ ನೆನಪಿತ್ತು. ಯಾರ ಮನೆ, ತಾಯಿ ಯಾರು, ಹೊಳೆ ಎಲ್ಲಿಯವರೆಗೆ ಬಂದ ವರ್ಷ, ಯಾವ ಪೈರು ಎದ್ದಿದ್ದ ಕಾಲ. ಕೇರಿಯಲ್ಲಿ ಯಾರಿಗೂ ಹುಟ್ಟಿದ ದಿನ ಗೊತ್ತಿರಲಿಲ್ಲ. ಸ್ಕೂಲಿಗೆ ಹೋದವರದ್ದೆಲ್ಲ ಮೇಷ್ಟ್ರು ಹಾಕಿದ ಜೂನ್ ಒಂದು. ಹಾಗಾಗಿ ಇಂದ್ರಾಣಿ ಎರಡು ವರ್ಷ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೈಪ್ ಮಾಡಿದ್ದಳು. ಒಂಬೈನೂರು ಚಿಲ್ಲರೆ ಹೆರಿಗೆ. ಅಜ್ಜಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಪ್ರಿಂಟ್ ತೆಗೆದದ್ದು ಎರಡೇ ಹಾಳೆ. ಫ್ಲಾಪಿಯಲ್ಲಿದ್ದ ಪ್ರತಿ ಬೂಷ್ಟು ಹಿಡಿದು ತೆರೆಯಲಿಲ್ಲ.

“ಸಾರ್ ತಪ್ಪಲ್ಲ ಬುಡಿ ಮೇಡಂ,” ಎಂದಳು ಇಂದ್ರಾಣಿ. “ಅವ್ರು ಒಳ್ಳೇದಕ್ಕೇ ಬರ್ದಿರ್ತಾರೆ. ನಾನೇ ಏನೋ ತಪ್ಪು ಒತ್ತಿರ್ಬೇಕು. ಇಂಗ್ಲೀಷು ಅಷ್ಟು ಬರಲ್ಲ ನಂಗೆ.”

ಶಿವರಂಜನಿ ತಂದಿದ್ದ ಫ್ಲಾಪಿಯನ್ನು ಚೀಲದಿಂದ ತೆಗೆಯದೆ ಬಸ್ ಹತ್ತಿ ವಾಪಸು ಬಂದಳು. ಆ ವಾರ ಅಂಕಣ ಬರೆಯಲು ಕೂತರೆ ಪೆನ್ನು ಓಡಲಿಲ್ಲ. ಬದಲಿಗೆ ಇಂಟರ್‌ನೆಟ್ಟಿನಲ್ಲಿ ಕಂಪ್ಯೂಟರ್ ಹುಚ್ಚಿನವರು ಸೇರುವ ಒಂದು ಪತ್ರಬಳಗಕ್ಕೆ, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದಳು. ಊರಿನ ಯಾರಿಗೂ ಹೇಳಲಾಗದ್ದನ್ನು ಕಾಣದ ಜನಕ್ಕೆ ಹೇಳುವುದು ಸುಲಭವಾಗಿತ್ತು. ಯಾವುದೋ ದೇಶದ ಒಬ್ಬ ಉತ್ತರಿಸಿದ. ಒರೆಸಿ ಹೊಸದಾಗಿ ಹಾಕಿದರೂ ಹಳೆಯ ಅಕ್ಷರಗಳು ಕಂಪ್ಯೂಟರಿನ ಒಳಗಿನ ತಟ್ಟೆಯ ಮೇಲೆ ಅಲ್ಲಲ್ಲಿ ಉಳಿದಿರುತ್ತವೆ, ಮೇಲೆ ಬೇರೆ ಬರೆಯುವವರೆಗೂ ಇರುತ್ತವೆ, ಆ ಯಂತ್ರವನ್ನು ಇನ್ನು ಮುಟ್ಟಬೇಡಿ ಎಂದ. ಹುಡುಕುವ ಒಂದು ಚಿಕ್ಕ ತಂತ್ರಾಂಶ ತಾನೇ ಬರೆದು ಮೂರು ತುಂಡಾಗಿ ಕಳಿಸಿದ. ಏನನ್ನೂ ಕೇಳಲಿಲ್ಲ.

ಅವಳು ಅಂಗಡಿಗೆ ಫೋನ್ ಮಾಡಿ ಕಂಪ್ಯೂಟರ್ ಆರಿಸಿಡಲು ಹೇಳಿದಳು. ಇಂದ್ರಾಣಿ ಟೈಪಿಂಗ್ ಕೆಲಸವನ್ನೆಲ್ಲ ಪಕ್ಕದ ಅಂಗಡಿಗೆ ಬಿಟ್ಟುಕೊಟ್ಟು ಬರೀ ಜೆರಾಕ್ಸ್ ನಡೆಸಿದಳು. ಭಾನುವಾರ ಭಾನುವಾರ ಶಿವರಂಜನಿ ಹೋಗಿ ಕೂರುವಳು.

ಪರದೆಯ ಮೇಲೆ ಬರುತ್ತಿದ್ದದ್ದು ಕನ್ನಡವಲ್ಲ. ಆಗಿನ ಕನ್ನಡ ಅಕ್ಷರ ಒಳಗೆ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಕೊಂಬು ಚುಕ್ಕೆಗಳಾಗಿ ಅಡಗಿರುತ್ತಿತ್ತು. ಆ ಗೋಜಲಿನ ಸಂತೆಯಲ್ಲಿ ಇಬ್ಬರೂ ಕಣ್ಣು ನೆಟ್ಟು ಕೂತು, ಎರಡನೆಯ ವಾರದ ಹೊತ್ತಿಗೆ ಯಾವ ಗೋಜಲು ‘ತಾಯಿ’, ಯಾವ ಗೋಜಲು ‘ಹೆಣ್ಣು ಕೂಸು’ ಎಂದು ಗುರುತು ಹಿಡಿಯತೊಡಗಿದರು. ಒಂದು ಸಿಕ್ಕರೆ ಇಂದ್ರಾಣಿ ಅಜ್ಜಿಯ ದನಿಯಲ್ಲೇ ಓದುವಳು. ಕೆಲವು ಇಡಿಯಾಗಿದ್ದವು. ಹೆಚ್ಚಿನವು ಅರ್ಧ.

ಮೂರನೆಯ ಭಾನುವಾರ ಕೇರಿಯ ದೊಡ್ಡಮಾದಯ್ಯ ಬಂದ. ಕಬ್ಬು ಕಡಿದು ಕಡಿದು ಬೆನ್ನು ಬಾಗಿದ ಮುದುಕ. ಮರಿತಾಯಮ್ಮ ಹುಡುಗಿಯಾಗಿದ್ದಾಗ ಮೊಟ್ಟಮೊದಲು ಕೈಗೆತ್ತಿಕೊಂಡ ಕೂಸು ಅವನೇ ಎಂದು ಕೇರಿಗೆಲ್ಲ ಗೊತ್ತಿತ್ತು. ವರ್ಷ ಯಾವುದೆಂದು ಅಜ್ಜಿ ಇಂದ್ರಾಣಿಗೆ ಮಾತ್ರ ಹೇಳಿದ್ದಳು. ಅವಳು ಟೈಪ್ ಮಾಡಿ ಮರೆತಿದ್ದಳು. ಓಟರ್ ಪಟ್ಟಿಯಲ್ಲಿ ಅವನಿಗೆ ಐವತ್ತೆರಡು, ಪಿಂಚಣಿ ಸಿಗುತ್ತಿರಲಿಲ್ಲ.

ಆವತ್ತೇ ಅವನದ್ದು ಸಿಕ್ಕಿತು. ಇಂದ್ರಾಣಿ ಓದಿದಳು. “ದೊಡ್ಡಮಾದಯ್ಯ. ತಾಯಿ ಕೆಂಪಮ್ಮ. ತಾಯಿ ಹೊಲಕ್ಕೆ ಹೋಗಿದ್ದಳು, ಬದುವಿನ ಮೇಲೆಯೇ ಆಯಿತು. ನನ್ನ ಸೀರೆ ಸೆರಗಲ್ಲಿ ಸುತ್ತಿದೆ. ಆ ವರ್ಷ...”

ಅಲ್ಲಿಂದ ಮುಂದೆ ಮದುವೆ ಪತ್ರಿಕೆಯ ಅಕ್ಷರಗಳು ಕೂತಿದ್ದವು. ಅಂಗಡಿಯಲ್ಲಿ ಶಿವರಂಜನಿ ಮೊದಲ ದಿನ ಕಂಡಿದ್ದ ಅದೇ ಪತ್ರಿಕೆ.

“ಆ ವರ್ಸ?” ಎಂದ ದೊಡ್ಡಮಾದಯ್ಯ.

“ಅಷ್ಟೆ ತಾತ. ಮುಂದ್ಕಿಲ್ಲ.”

ಅವನು ಪರದೆಯನ್ನೇ ನೋಡುತ್ತ ನಿಂತ. “ಆಪೀಸ್ನೋರು ಒಪ್ಲಿ, ಬುಡ್ಲಿ. ಅವ್ರು ಎಂಗೂ ಡಾಕುಟ್ರು ಚೀಟಿ ತತ್ತಾ ಅಂತಾರೆ. ನಾ ಯಾವಾಗ ಉಟ್ದೆ ಅಂತ ನಂಗ್ ಗೊತ್ತಾಗ್ಬೇಕಾಗಿತ್ತು ಕಣವ್ವ. ಸೆರಗಲ್ಲಿ ಸುತ್ತಿದ್ಲಂತಾ? ಇನ್ನೊಂದ್ಸಲ ಓದವ್ವ.”

ಇಂದ್ರಾಣಿ ಮತ್ತೆ ಓದಿದಳು. ಅವನು ಹೋದ ಮೇಲೆ ಶಿವರಂಜನಿ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. “ರಂಜನ್ ಸಾರ್ ಅಂತ ಯಾರೂ ಇಲ್ಲ ಇಂದ್ರಾಣಿ. ಅದು ನಾನೇ. ವಿಚಾರಿಸ್ದೆ ಬರೆದೆ. ಮೂರೇ ದಿನದಲ್ಲಿ ಸುಳ್ಳು ಅಂತ ಗೊತ್ತಾಯ್ತು, ಆದ್ರೂ ಎರಡು ಸಾಲಿಗೆ ಒಪ್ಕೊಂಡು ಸುಮ್ನಾದೆ. ನೀವು ತಪ್ಪು ಒತ್ತಿರಲಿಲ್ಲ.”

ಇಂದ್ರಾಣಿ ಹೊರಗೆ ಬಂದ ಗಿರಾಕಿಗೆ ಎರಡು ಜೆರಾಕ್ಸ್ ತೆಗೆದುಕೊಟ್ಟು ಬಂದು ನಿಂತಳು.

“ತಪ್ಪು ಎಲ್ರೂ ಮಾಡ್ತಾರೆ ಮೇಡಂ. ಮೂರು ವಾರ ಎದುರ್ಗೆ ಕೂತ್ಕಂಡು, ಸಾರ್ ಹೆಂಗವ್ರೆ, ಸಾರ್‌ಗೆ ನಮಸ್ಕಾರ ಹೇಳಿ ಅಂತ ನನ್ ಬಾಯಲ್ಲಿ ಅನ್ನಿಸ್ಕಂಡ್ರಲ್ಲಾ. ನಾನೇ ಅಜ್ಜೀನ ಅಳಿಸ್ಬುಟ್ಟೆ ಅಂದ್ಕಂಡು ಊಟ ಬುಟ್ಟಿದ್ದೆ. ಅದ ನೋಡ್ಕಂಡೂ ಸುಮ್ನೆ ಕೂತಿದ್ರಿ.”

ಶಿವರಂಜನಿ ಫ್ಲಾಪಿ ತೆಗೆಯಲು ಕೈ ಚಾಚಿದಳು.

“ಹೊರಡಿ. ಬಸ್ಸಿಗೆ ಹೊತ್ತಾಯ್ತದೆ. ಆ ಫ್ಲಾಪಿ ಬುಟ್ಟೋಗಿ. ಹೆಂಗೆ ಹುಡುಕೋದು ಅಂತ ಕಲ್ತಿದೀನಿ.”

ಊರಿಗೆ ಬಂದವಳು ಗಂಗಾಧರಸ್ವಾಮಿಯವರ ಮುಂದೆ ಆ ಹಳೆಯ ಅಂಕಣವನ್ನು ಮತ್ತೆ ಇಟ್ಟಳು. ಈ ಸಲ ಕೆಳಗೆ ಪೂರ್ತಿ ಹೆಸರು, ಶಿವರಂಜನಿ ಎಂದಿತ್ತು. ಅವರು ಹಾಕಲಿಲ್ಲ. ಅವಳು ಅಂಕಣ ನಿಲ್ಲಿಸಿದಳು. ತನಗೆ ಕಾಗದ ಬರೆದಿದ್ದ ಅರವತ್ತಮೂರು ಓದುಗರ ವಿಳಾಸವಿತ್ತು. ಅಂಕಣವನ್ನು ಜೆರಾಕ್ಸ್ ಮಾಡಿಸಿ ಅಷ್ಟೂ ಜನಕ್ಕೆ ಅಂಚೆಯಲ್ಲಿ ಕಳಿಸಿದಳು. ಉತ್ತರ ಬಂದದ್ದು ಎರಡು. ಒಬ್ಬರು, ಹೆಂಗಸು ಎಂದು ಮೊದಲೇ ಗೊತ್ತಿದ್ದರೆ ನಂಬುತ್ತಲೇ ಇರಲಿಲ್ಲ ಎಂದಿದ್ದರು. ಇನ್ನೊಬ್ಬರು ಶಿವಮೂರ್ತಿ ಎಂಬ ನಿವೃತ್ತ ಮೇಷ್ಟ್ರು. ನನ್ನ ಹತ್ತಿರ ಕಂಪ್ಯೂಟರೇ ಇಲ್ಲ, ಓದುವ ಖುಷಿಗೆ ಓದುತ್ತಿದ್ದೆ, ನಿಲ್ಲಿಸಬೇಡಿ ಎಂದು ಬರೆದಿದ್ದರು. ಆ ಕಾಗದವನ್ನು ಓದಿ ಅವಳು ಅತ್ತಳು. ಆದರೂ ಮತ್ತೆ ಬರೆಯಲಿಲ್ಲ.

ಮದುವೆಯಾಯಿತು, ಮಕ್ಕಳಾದವು. ಈಗ ನಂಜನಗೂಡಿನ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಏನಾದರೂ ಹಾಕಿದರೆ, ಇದನ್ನು ಮೊದಲು ಹೇಳಿದವರು ಯಾರು ಎಂದು ಕೇಳುತ್ತಾಳೆ. ಅವಳನ್ನು ಕಂಡರೆ ಭಾವ ಮೈದುನರಿಗೆ ಬೇಜಾರು. ಎರಡು ಸಲ ಗುಂಪಿನಿಂದ ತೆಗೆದಿದ್ದಾರೆ.

ಹೋದ ವರ್ಷ ಶಾಲೆಯ ತರಬೇತಿಗೆಂದು ನರಸೀಪುರಕ್ಕೆ ಹೋಗಬೇಕಾಯಿತು. ಆಧಾರ್ ಕಾರ್ಡಿನ ಪ್ರತಿ ತಂದಿರಲಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಆ ಅಂಗಡಿ ಈಗ ಎರಡು ಬಾಗಿಲಿನದು, ಮುಂದೆ ಜನ ಸಾಲು ನಿಂತಿದ್ದರು. ಬೇರೆ ಅಂಗಡಿಗಳಿದ್ದವು. ಆದರೂ ಅವಳು ಆ ಸಾಲಿನಲ್ಲೇ ನಿಂತಳು. ಇಂದ್ರಾಣಿಯ ಕೂದಲು ನೆರೆತಿತ್ತು. ಕಾರ್ಡಿನ ಮೇಲಿನ ಹೆಸರು ನೋಡಿ, ತಲೆಯೆತ್ತಿ ಮುಖ ನೋಡಿದಳು.

“ಇನ್ನೂರ ಹನ್ನೆರಡು ಸಿಕ್ತು,” ಎಂದಳು. “ಅರ್ಧಂಬರ್ಧ ಎಲ್ಲ ಸೇರಿ. ಪುಸ್ತಕ ಮಾಡಿ ಮನೆಮನೆಗೂ ಕೊಟ್ಟೆ. ದೊಡ್ಡಮಾದಯ್ಯ ಹೋದ, ಆರು ವರ್ಸ ಆಯ್ತು.”

“ಪಿಂಚಣಿ?”

“ಬಂತು. ಲೇಟಾಗಿ.”

ಹಿಂದೆ ನಿಂತವರು ಬೇಗ ಎಂದರು. ಇಂದ್ರಾಣಿ ಮೂರು ಪ್ರತಿ ತೆಗೆದು ಅಂಚು ಸರಿಮಾಡಿ ಕೊಟ್ಟಳು. ಕೂತ್ಕೊಳ್ಳಿ ಎನ್ನಲಿಲ್ಲ. ಮುಖ ತಿರುಗಿಸಲೂ ಇಲ್ಲ. ಶಿವರಂಜನಿ ಹೊರಗೆ ಬಂದು ಮರದ ಕೆಳಗೆ ಸ್ವಲ್ಪ ಹೊತ್ತು ನಿಂತಳು, ಒಳಗೆ ವಾಪಸು ಹೋಗುವುದೋ ಬೇಡವೋ ತೋಚದೆ. ಆಮೇಲೆ ತರಬೇತಿಗೆ ಹೊತ್ತಾಯಿತೆಂದು ಹೊರಟಳು.